ಫೋಲ್ಡರ್‌ನೊಳಗಿನ ಫೋಲ್ಡರ್‌ಗಳಿಂದ ಎಲ್ಲ ಕಡತಗಳನ್ನು ಒಂದೇ ಮಟ್ಟಕ್ಕೆ ತರುವುದು ಹೇಗೆ? (ತಾಳಮದ್ದಳೆ ಧ್ವನಿಮುದ್ರಣಗಳ ಸಂಗ್ರಹ)

ಪ್ರಶ್ನೆ: ಶಿರಸಿಯ ಸದಸ್ಯರು

ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರು 1981ರಿಂದ 1997ರವರೆಗೆ ಉತ್ತರ ಕನ್ನಡದ ಹಲವು ಊರುಗಳಲ್ಲಿ ನಡೆದ ತಾಳಮದ್ದಳೆಗಳನ್ನು ತಮ್ಮದೇ ಟೇಪ್‌ರೆಕಾರ್ಡರ್‌ನಲ್ಲಿ ಮುದ್ರಿಸಿಕೊಂಡಿದ್ದರು. ಅವುಗಳಲ್ಲಿ ಉಳಿದುಬಂದ 412 ಕ್ಯಾಸೆಟ್‌ಗಳನ್ನು ಕಳೆದ ವರ್ಷ ಒಂದು ಅಂಗಡಿಗೆ ಕೊಟ್ಟು ಎಂಪಿ3 ಕಡತಗಳನ್ನಾಗಿ ಮಾಡಿಸಿದೆವು. ಎಲ್ಲವೂ ಅರ್ಧ ಗಂಟೆಗೊಂದು ಬದಿಯ ಸಿ-60 ಕ್ಯಾಸೆಟ್‌ಗಳು. 19 ಬದಿಗಳು ಖಾಲಿಯಾಗಿದ್ದುದರಿಂದ ಒಟ್ಟು 805 ಧ್ವನಿಕಡತಗಳು ಸಿಕ್ಕಿವೆ.

ಅಂಗಡಿಯವರು ಕೊಟ್ಟ ವ್ಯವಸ್ಥೆ ಹೀಗಿದೆ: ಮೊದಲು ವರ್ಷದ ಫೋಲ್ಡರ್, ಅದರೊಳಗೆ ಊರು, ಅದರೊಳಗೆ ಪ್ರಸಂಗ, ಅದರೊಳಗೆ ಕ್ಯಾಸೆಟ್ ಸಂಖ್ಯೆ. ಪ್ರತಿಯೊಂದು ಕ್ಯಾಸೆಟ್ಟಿನ ಫೋಲ್ಡರ್‌ನಲ್ಲಿ ‘ಎ ಬದಿ’, ‘ಬಿ ಬದಿ’ ಎಂಬ ಎರಡು ಧ್ವನಿಕಡತಗಳೂ ಕ್ಯಾಸೆಟ್ಟಿನ ಮೇಲೆ ತಂದೆಯವರು ಬರೆದಿದ್ದುದರ ಚಿತ್ರವಾಗಿ ‘ಹೊದಿಕೆ’ ಎಂಬ ಒಂದು ಕಡತವೂ ಇವೆ. ತಂದೆಯವರಿಗೆ ಈಗ 78 ವರ್ಷ. ಪೆನ್ ಡ್ರೈವ್ ಸಿಕ್ಕಿಸಿ ಕೇಳುವ ಒಂದು ಸಣ್ಣ ಪ್ಲೇಯರ್ ಅವರ ಬಳಿ ಇದೆ. ಅದು ಮೇಲಿನ ಮಟ್ಟದ ಕಡತಗಳನ್ನು ಮಾತ್ರ ಓದುತ್ತದೆ, ನಾಲ್ಕು ಫೋಲ್ಡರ್‌ಗಳ ಒಳಗಿರುವುದು ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ಎಲ್ಲ ಧ್ವನಿಕಡತಗಳನ್ನು ಒಂದೇ ಫೋಲ್ಡರ್‌ಗೆ ತರಬೇಕಾಗಿದೆ.

ನನ್ನ ಕಂಪ್ಯೂಟರ್‌ನಲ್ಲಿ ಉಬುಂಟು ಲಿನಕ್ಸ್ ಇದೆ. ಟರ್ಮಿನಲ್‌ನಲ್ಲಿ ಕಡತಗಳನ್ನು ಹುಡುಕುವ ಫೈಂಡ್ ಆದೇಶಕ್ಕೆ ‘-ಟೈಪ್ ಎಫ್’ (ಕಡತಗಳು ಮಾತ್ರ) ಎಂದು ಹೇಳಿ, ‘-ಎಕ್ಸೆಕ್’ ಮೂಲಕ ಸಿಕ್ಕ ಪ್ರತಿಯೊಂದು ಕಡತವನ್ನೂ ‘ಒಟ್ಟು’ ಎಂಬ ಹೊಸ ಫೋಲ್ಡರ್‌ಗೆ ಎಂವಿ (ಕಡತ ಸರಿಸುವ ಆದೇಶ) ಮಾಡಿಸಿ, ಕೊನೆಗೆ ಅರ್ಧವಿರಾಮ ಹಾಕಿದೆ. ಯಾವ ದೋಷಸೂಚನೆಯೂ ಬರಲಿಲ್ಲ. ಆದರೆ ‘ಒಟ್ಟು’ ಫೋಲ್ಡರ್ ತೆರೆದಾಗ ಅದರಲ್ಲಿ ಇದ್ದುದು ಐದೇ ಕಡತಗಳು: ಒಂದು ‘ಎ ಬದಿ’, ಒಂದು ‘ಬಿ ಬದಿ’, ವಿಂಡೋಸ್ ತಾನಾಗಿ ಸೇರಿಸುವ ‘ಥಂಬ್ಸ್.ಡಿಬಿ’, ಮತ್ತು ಅಕ್ಷರಶಃ ಒಂದೇ ಹೆಸರಿನ ಎರಡು ‘ಹೊದಿಕೆ’ ಚಿತ್ರಗಳು. ಉಳಿದುದೆಲ್ಲ ಎಲ್ಲಿ ಹೋಯಿತು? ಒಂದೇ ಹೆಸರಿನ ಎರಡು ಕಡತಗಳು ಒಂದೇ ಫೋಲ್ಡರ್‌ನಲ್ಲಿ ಇರಲು ಹೇಗೆ ಸಾಧ್ಯ? ಇದನ್ನು ನಕಲು ಪ್ರತಿಯ ಮೇಲೆ ಮಾಡಿದ್ದೇನೆ. ಮೂಲವು ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಸುರಕ್ಷಿತವಾಗಿದೆ.

ಉತ್ತರ: ಮೈಸೂರಿನ ಸದಸ್ಯರು

ನಕಲು ಪ್ರತಿಯ ಮೇಲೆ ಪ್ರಯತ್ನಿಸಿದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಆ ಪ್ರತಿಯಲ್ಲಿ ಉಳಿದ ಕಡತಗಳು ಇನ್ನು ಇಲ್ಲ. ಏನಾಯಿತು ಎಂಬುದನ್ನು ವಿವರಿಸುತ್ತೇನೆ. ಕೆಳಗೆ ಆದೇಶಗಳನ್ನೂ ಆಯ್ಕೆಗಳನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ತಾವು ಅವುಗಳನ್ನು ಇಂಗ್ಲಿಷ್ ಚಿಕ್ಕಕ್ಷರಗಳಲ್ಲಿ ಟೈಪ್ ಮಾಡಬೇಕು.

ಮೂಲ ಮತ್ತು ಗುರಿ ಎರಡೂ ಒಂದೇ ಡಿಸ್ಕ್ ವಿಭಾಗದಲ್ಲಿದ್ದಾಗ ಎಂವಿ ಆದೇಶವು ಕಡತದ ಒಳಗಿನ ದತ್ತವನ್ನು ಮುಟ್ಟುವುದೇ ಇಲ್ಲ. ಅದು ಹಳೆಯ ಫೋಲ್ಡರ್‌ನ ಪಟ್ಟಿಯಿಂದ ಹೆಸರನ್ನು ತೆಗೆದು ಹೊಸ ಫೋಲ್ಡರ್‌ನ ಪಟ್ಟಿಯಲ್ಲಿ ಬರೆಯುತ್ತದೆ, ಅಷ್ಟೆ. ಹೊಸ ಪಟ್ಟಿಯಲ್ಲಿ ಅದೇ ಹೆಸರು ಈಗಾಗಲೇ ಇದ್ದರೆ, ಆ ಹೆಸರು ಇನ್ನು ಮುಂದೆ ಹೊಸ ಕಡತವನ್ನು ತೋರಿಸುವಂತೆ ಮಾಡಿ, ಹಳೆಯದನ್ನು ಕೈಬಿಡುತ್ತದೆ. ಟರ್ಮಿನಲ್‌ನಲ್ಲಿ ಇದಕ್ಕೆ ಅನುಮತಿ ಕೇಳುವ ಪದ್ಧತಿ ಇಲ್ಲ. ತಾವು ಕೊನೆಗೆ ಅರ್ಧವಿರಾಮ ಹಾಕಿದ್ದರಿಂದ ಪ್ರತಿಯೊಂದು ಕಡತಕ್ಕೂ ಎಂವಿ ಹೊಸದಾಗಿ ಒಮ್ಮೆ ನಡೆದಿದೆ. ಹೀಗೆ ಎರಡನೆಯ ‘ಎ ಬದಿ’ ಮೊದಲನೆಯದನ್ನು ಅಳಿಸಿತು, ಮೂರನೆಯದು ಎರಡನೆಯದನ್ನು ಅಳಿಸಿತು, ಕೊನೆಯಲ್ಲಿ ಬಂದದ್ದು ಮಾತ್ರ ಉಳಿಯಿತು. ವ್ಯವಸ್ಥೆಯ ದೃಷ್ಟಿಯಲ್ಲಿ ಇದು ದೋಷವಲ್ಲದ್ದರಿಂದ ಯಾವ ಸೂಚನೆಯೂ ಬರಲಿಲ್ಲ.

ಅರ್ಧವಿರಾಮದ ಬದಲು ಕೂಡುಚಿಹ್ನೆ ಹಾಕಿ, ಎಂವಿಗೆ ‘-ಟಿ’ ಆಯ್ಕೆಯಿಂದ ಗುರಿಯನ್ನು ಮೊದಲೇ ಹೇಳಿದ್ದರೆ, ಫೈಂಡ್ ನೂರಾರು ಕಡತಗಳನ್ನು ಒಟ್ಟುಗೂಡಿಸಿ ಒಂದೇ ಎಂವಿಗೆ ಕೊಡುತ್ತಿತ್ತು. ಆಗ ಲಿನಕ್ಸ್‌ನ ಗ್ನೂ ಎಂವಿ ‘ಈಗತಾನೇ ರಚಿಸಿದ ಕಡತವನ್ನು ಅಳಿಸುವುದಿಲ್ಲ’ ಎಂಬ ಅರ್ಥದ ಸೂಚನೆ ನೀಡಿ ಎರಡನೆಯ ‘ಎ ಬದಿ’ಯನ್ನು ಇದ್ದಲ್ಲೇ ಬಿಡುತ್ತಿತ್ತು. ಆದರೂ ಇದನ್ನು ನೆಚ್ಚಿಕೊಳ್ಳಬಾರದು, ಏಕೆಂದರೆ ಪಟ್ಟಿ ಬಹಳ ಉದ್ದವಾದರೆ ಫೈಂಡ್ ಅದನ್ನು ತುಂಡುಮಾಡಿ ಹಲವು ಎಂವಿಗಳನ್ನು ನಡೆಸುತ್ತದೆ, ಮತ್ತು ಆ ರಕ್ಷಣೆ ಒಂದು ತುಂಡಿನೊಳಗೆ ಮಾತ್ರ ಇರುತ್ತದೆ. ಎಂವಿಗೆ ‘-ಎನ್’ ಆಯ್ಕೆಯನ್ನು ಯಾವಾಗಲೂ ಕೊಡಿ. ಆಗ ಇರುವ ಹೆಸರನ್ನು ಅದು ಯಾವ ಸಂದರ್ಭದಲ್ಲೂ ತುಳಿಯುವುದಿಲ್ಲ.

‘-ಎನ್’ ಸಾಕೇ ಎಂದರೆ, ನಷ್ಟವನ್ನು ತಡೆಯಲು ಸಾಕು, ಕೆಲಸ ಮುಗಿಸಲು ಸಾಲದು. ಮೊದಲ ‘ಎ ಬದಿ’ ಬರುತ್ತದೆ, ಉಳಿದವು ತಮ್ಮ ತಮ್ಮ ಫೋಲ್ಡರ್‌ಗಳಲ್ಲೇ ಉಳಿಯುತ್ತವೆ. ಗ್ನೂ ಎಂವಿಗೆ ‘--ಬ್ಯಾಕಪ್=ನಂಬರ್ಡ್’ ಎಂಬ ಇನ್ನೊಂದು ಆಯ್ಕೆಯೂ ಇದೆ. ಅದು ಹಳೆಯ ಕಡತದ ಹೆಸರಿನ ಕೊನೆಗೆ ಚುಕ್ಕಿ, ಅಲೆಗೆರೆ, ಒಂದು ಸಂಖ್ಯೆ, ಮತ್ತೆ ಅಲೆಗೆರೆ ಸೇರಿಸಿ ಉಳಿಸಿಕೊಳ್ಳುತ್ತದೆ. ಯಾವುದೂ ಕಳೆಯದಿದ್ದರೂ ಹೆಸರು ಎಂಪಿ3 ಎಂದು ಮುಗಿಯದ ಕಾರಣ ತಮ್ಮ ತಂದೆಯವರ ಪ್ಲೇಯರ್ ಅವುಗಳನ್ನು ಗುರುತಿಸಲಾರದು.

ಉತ್ತರ: ಗ್ರಂಥಾಲಯದಲ್ಲಿ ಕೆಲಸ ಮಾಡುವ ಸದಸ್ಯೆ

ಮೇಲಿನ ಉತ್ತರ ಸರಿಯಾಗಿದೆ. ಆದರೆ ಸಮಸ್ಯೆಯ ಮೂಲ ಎಂವಿಯಲ್ಲಿ ಇಲ್ಲ. ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಟ್ಟ ಸಂಗ್ರಹಗಳಲ್ಲಿ ನಾನು ಇದೇ ಸಂಗತಿಯನ್ನು ಮತ್ತೆ ಮತ್ತೆ ನೋಡಿದ್ದೇನೆ: ಪ್ರತಿ ಸಂಚಿಕೆಯ ಫೋಲ್ಡರ್‌ನಲ್ಲೂ ‘ಪುಟ 001’ ಇರುತ್ತದೆ, ಯಾವ ಸಂಚಿಕೆಯ ಪುಟ ಎಂಬುದನ್ನು ಫೋಲ್ಡರ್ ಮಾತ್ರ ಹೇಳುತ್ತದೆ. ಕ್ಯಾಮೆರಾದ ಚಿತ್ರಗಳಲ್ಲೂ ಹೀಗೆಯೇ. ಡಿಸಿಎಫ್ ಎಂಬ ನಿಯಮದಂತೆ ಕ್ಯಾಮೆರಾಗಳು ಕಡತಗಳಿಗೆ 0001ರಿಂದ 9999ರವರೆಗೆ ಸಂಖ್ಯೆ ಕೊಟ್ಟು, ಮುಗಿದ ಮೇಲೆ ಮತ್ತೆ 0001ರಿಂದ ಆರಂಭಿಸುತ್ತವೆ, ಹಾಗಾಗಿ ಎರಡು ಫೋಲ್ಡರ್‌ಗಳಲ್ಲಿ ಒಂದೇ ಹೆಸರು ಬರುವುದು ಸಹಜ. ತಮ್ಮ ಸಂಗ್ರಹದಲ್ಲಿ ‘ಎ ಬದಿ’ ಎಂಬುದು ಅರ್ಧ ಹೆಸರು. ಅದರ ಉಳಿದ ಅರ್ಧವೆಂದರೆ ವರ್ಷ, ಊರು, ಪ್ರಸಂಗ ಮತ್ತು ಕ್ಯಾಸೆಟ್ ಸಂಖ್ಯೆ. ಫೋಲ್ಡರ್‌ಗಳನ್ನು ಬಿಡಿಸಿದಾಗ ಆ ಅರ್ಧವನ್ನು ನಾವು ಎಸೆದುಬಿಡುತ್ತೇವೆ. ತಂದೆಯವರು ಹದಿನೇಳು ವರ್ಷ ಕುಳಿತು ಮುದ್ರಿಸಿ ತಮ್ಮ ಕೈಯಾರೆ ಗುರುತು ಬರೆದಿಟ್ಟ ಸಂಗ್ರಹದಲ್ಲಿ ಯಾವ ಸುಧನ್ವಾರ್ಜುನ ಯಾವ ಊರಿನದು ಎಂಬುದು ಧ್ವನಿಯಷ್ಟೇ ಬೆಲೆಯುಳ್ಳದ್ದು. ಆದ್ದರಿಂದ ಕಡತವನ್ನು ಸರಿಸುವ ಮೊದಲು ಅದು ನಡೆದುಬಂದ ದಾರಿಯನ್ನು ಅದರ ಹೆಸರಿಗೇ ಸೇರಿಸಬೇಕು.

ಕ್ರಮ ಹೀಗಿದೆ. ಸಂಗ್ರಹದ ಮೇಲಿನ ಫೋಲ್ಡರ್‌ಗೆ ಹೋಗಿ, ಫೈಂಡ್ ಆದೇಶಕ್ಕೆ ಚುಕ್ಕಿ, ‘-ಮಿನ್‌ಡೆಪ್ತ್ 2’, ‘-ಟೈಪ್ ಎಫ್’, ಉದ್ಧರಣ ಚಿಹ್ನೆಗಳೊಳಗೆ ನಕ್ಷತ್ರಚಿಹ್ನೆ ಮತ್ತು ‘.ಎಂಪಿ3’ ಇರುವ ‘-ನೇಮ್’, ಕೊನೆಯಲ್ಲಿ ‘-ಪ್ರಿಂಟ್0’ ಕೊಡಿ. ಮಿನ್‌ಡೆಪ್ತ್ ಎರಡು ಎಂದರೆ ಈಗಾಗಲೇ ಮೇಲಿನ ಮಟ್ಟದಲ್ಲಿರುವುದನ್ನು ಮುಟ್ಟಬೇಡ ಎಂದರ್ಥ. ಎಂಪಿ3 ಎಂಬ ಷರತ್ತು ಥಂಬ್ಸ್.ಡಿಬಿಯಂತಹ ಕಸವನ್ನು ಹೊರಗಿಡುತ್ತದೆ. ಪ್ರಿಂಟ್0 ಹೆಸರುಗಳ ನಡುವೆ ಸಾಲುಮುರಿತದ ಬದಲು ಶೂನ್ಯಬೈಟ್ ಇಡುತ್ತದೆ, ಮತ್ತು ಶೂನ್ಯಬೈಟ್ ಯಾವ ಕಡತದ ಹೆಸರಿನಲ್ಲೂ ಬರಲಾರದು. ತಮ್ಮ ಎಲ್ಲ ಹೆಸರುಗಳಲ್ಲೂ ‘ಎ’ ಮತ್ತು ‘ಬದಿ’ಯ ನಡುವೆ ತೆರಪು ಇರುವುದರಿಂದ ಹೆಸರನ್ನು ತೆರಪಿನಲ್ಲಿ ತುಂಡರಿಸದ ವಿಧಾನವೇ ಬೇಕು.

ಈ ಪಟ್ಟಿಯನ್ನು ಪೈಪ್ ಮೂಲಕ ಬ್ಯಾಶ್ ಎಂಬ ಶೆಲ್‌ನ (ಆದೇಶಗಳನ್ನು ನಡೆಸುವ ಪ್ರೋಗ್ರಾಂನ) ‘ವೈಲ್ ರೀಡ್’ ಸುತ್ತಿಗೆ, ಅಂದರೆ ಲೂಪ್‌ಗೆ, ಕೊಡಿ. ರೀಡ್‌ಗೆ ‘-ಆರ್’ ಮತ್ತು ಖಾಲಿ ಉದ್ಧರಣದೊಂದಿಗೆ ‘-ಡಿ’ ಆಯ್ಕೆಗಳಿರಲಿ, ರೀಡ್ ಪದಕ್ಕಿಂತ ಮೊದಲು ಐಎಫ್‌ಎಸ್ (ಇದು ದೊಡ್ಡಕ್ಷರಗಳಲ್ಲಿ) ಖಾಲಿಯಾಗಿರಲಿ. ಸುತ್ತಿನೊಳಗೆ ಹೆಸರಿನ ಆರಂಭದ ಚುಕ್ಕಿ ಮತ್ತು ಓರೆಗೆರೆಯನ್ನು ತೆಗೆದು, ಉಳಿದ ಪ್ರತಿಯೊಂದು ಓರೆಗೆರೆಯನ್ನೂ ಎರಡು ಅಡಿಗೆರೆಗಳಾಗಿ ಬದಲಿಸಿ. ಹಾಗೆ ಸಿಕ್ಕ ಹೊಸ ಹೆಸರಿಗೆ ‘ಎಂವಿ -ಎನ್’ ಮಾಡಿ. ಒಂದೇ ಅಡಿಗೆರೆ ಸಾಲದು ಎಂಬುದಕ್ಕೆ ಕಾರಣವಿದೆ: ಯಾವುದಾದರೂ ಫೋಲ್ಡರ್‌ನ ಹೆಸರಿನಲ್ಲೇ ಅಡಿಗೆರೆ ಇದ್ದರೆ ಎರಡು ಬೇರೆ ದಾರಿಗಳು ಒಂದೇ ಹೆಸರಾಗಿ ಬಂದು ಕೂಡಬಹುದು. ತಮ್ಮ ಸಂಗ್ರಹದಲ್ಲಿ ಎಲ್ಲಿಯೂ ಇಲ್ಲದ ಗುರುತನ್ನೇ ಆರಿಸಿಕೊಳ್ಳಿ.

ಮೊದಲ ಸಲ ಎಂವಿ ಪದಕ್ಕಿಂತ ಮೊದಲು ‘ಎಕೋ’ ಎಂದು ಬರೆದು ನಡೆಸಿ. ಆಗ ಏನೂ ಸರಿಯದೆ, ಏನು ಸರಿಯುತ್ತಿತ್ತು ಎಂಬ ಪಟ್ಟಿ ಮಾತ್ರ ಪರದೆಯ ಮೇಲೆ ಬರುತ್ತದೆ. ಆ ಪಟ್ಟಿಯನ್ನು ಓದಿ ತೃಪ್ತಿಯಾದ ಮೇಲೆ ಎಕೋ ತೆಗೆಯಿರಿ.

ಮರುಪ್ರಶ್ನೆ: ಶಿರಸಿಯ ಸದಸ್ಯರು

ಇಬ್ಬರಿಗೂ ಕೃತಜ್ಞತೆಗಳು. ಮೂಲದಿಂದ ಮತ್ತೊಂದು ನಕಲು ಮಾಡಿಕೊಂಡು ಹೇಳಿದಂತೆಯೇ ನಡೆಸಿದೆ. ‘1986__ಹೊನ್ನಾವರ__ಸುಧನ್ವಾರ್ಜುನ ಕಾಳಗ__ಕ್ಯಾಸೆಟ್ 2__ಎ ಬದಿ’ ಎಂಬಂತಹ ಹೆಸರುಗಳು ಬಂದವು. 805ರಲ್ಲಿ 768 ಬಂದಿವೆ. ಉಳಿದ 37ಕ್ಕೆ ‘ಕಡತದ ಹೆಸರು ಬಹಳ ಉದ್ದವಾಗಿದೆ’ ಎಂಬ ದೋಷ ಬರುತ್ತಿದೆ. ಅವುಗಳಲ್ಲಿ ಅಂಗಡಿಯವರು ಊರಿನ ಹೆಸರಿನ ಜೊತೆಗೆ ದೇವಸ್ಥಾನ, ಉತ್ಸವ, ಸಂದರ್ಭ ಎಲ್ಲವನ್ನೂ ಸೇರಿಸಿದ್ದಾರೆ ಎಂಬುದು ನಿಜ. ಆದರೆ ಎಣಿಸಿ ನೋಡಿದರೆ ಯಾವುದೂ ನೂರೈವತ್ತು ಅಕ್ಷರ ದಾಟುವುದಿಲ್ಲ. ಮಿತಿ 255 ಎಂದು ಓದಿದ್ದೆ.

ಉತ್ತರ: ಮೈಸೂರಿನ ಸದಸ್ಯರು

ಮಿತಿ 255 ನಿಜ, ಆದರೆ ಅದು ಅಕ್ಷರಗಳ ಲೆಕ್ಕವಲ್ಲ. ಉಬುಂಟು ಸಾಮಾನ್ಯವಾಗಿ ಬಳಸುವ ಎಕ್ಸ್ಟ್4 ಎಂಬ ಕಡತ ವ್ಯವಸ್ಥೆಯಲ್ಲಿ ಒಂದು ಹೆಸರು 255 ಬೈಟ್‌ಗಳನ್ನು ಮೀರಬಾರದು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಸಂಕೇತ ಎಂದಾಗ ಕಣ್ಣಿಗೆ ಕಾಣುವ ಅಕ್ಷರ ಎಂದು ತಿಳಿಯಬಾರದು. ‘ಕ್ಯಾ’ ಎಂಬುದು ನಮಗೆ ಒಂದು ಅಕ್ಷರ. ಕಂಪ್ಯೂಟರ್‌ಗೆ ಅದು ಕ, ಹಲಂತ, ಯ, ದೀರ್ಘದ ಗುರುತು ಎಂಬ ನಾಲ್ಕು ಸಂಕೇತಗಳು, ಅಂದರೆ 12 ಬೈಟ್. ‘ಸುಧನ್ವಾರ್ಜುನ’ ಎಂಬಲ್ಲಿ 12 ಸಂಕೇತಗಳಿವೆ, 36 ಬೈಟ್. ತಾವು ಉದಾಹರಿಸಿದ ಹೆಸರನ್ನು ಎಂಪಿ3 ಬಾಲದೊಂದಿಗೆ ಲೆಕ್ಕ ಹಾಕಿದೆ, 128 ಬೈಟ್ ಆಯಿತು. ಅಷ್ಟು ಸಣ್ಣ ಹೆಸರೇ ಮಿತಿಯ ಅರ್ಧ ತಿಂದಿದೆ! ಪೂರ್ತಿ ಕನ್ನಡದಲ್ಲಿ ಬರೆದರೆ 85 ಸಂಕೇತಗಳಿಗೆ ಜಾಗ ಮುಗಿಯುತ್ತದೆ.

ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿಯೂ 255ರ ಮಿತಿ ಇದೆ, ಆದರೆ ಅಲ್ಲಿ ಯುಟಿಎಫ್-16ರ ಘಟಕಗಳ ಲೆಕ್ಕ, ಕನ್ನಡದ ಒಂದು ಸಂಕೇತಕ್ಕೆ ಒಂದೇ ಘಟಕ. ಆದ್ದರಿಂದ ವಿಂಡೋಸ್‌ನಲ್ಲಿ ಸಲೀಸಾಗಿ ಇದ್ದ ಕನ್ನಡದ ಹೆಸರು ಲಿನಕ್ಸ್‌ಗೆ ಬರುವಾಗ ಮುರಿಯಬಹುದು. ಕನ್ನಡದಲ್ಲಿ ಹೆಸರಿಡುವ ನಾವೆಲ್ಲರೂ ಇದನ್ನು ನೆನಪಿಡಬೇಕು. ಇಂಗ್ಲಿಷ್ ಹೆಸರುಗಳಿಗಾಗಿ ಬರೆದ ಮಾರ್ಗದರ್ಶಿಗಳಲ್ಲಿ ಈ ವಿಷಯ ಬರುವುದೇ ಇಲ್ಲ.

ಪರಿಹಾರ ಸರಳವಾಗಿದೆ: ಎಲ್ಲ ಹೆಸರುಗಳಲ್ಲೂ ಪುನರಾವರ್ತನೆಯಾಗುವ ‘ಕ್ಯಾಸೆಟ್’, ‘ಬದಿ’ ಎಂಬ ಪದಗಳನ್ನು ಬಿಟ್ಟು ‘2ಎ’ ಎಂದಿಡಿ. ಈ ಎರಡು ಪದಗಳಿಂದಲೇ 33 ಬೈಟ್ ಉಳಿಯುತ್ತದೆ.

ಪ್ರತಿಕ್ರಿಯೆ: ವಿಂಡೋಸ್ ಬಳಸುವ ಸದಸ್ಯರು

ವಿಂಡೋಸ್‌ನಲ್ಲಿ ಇದೇ ಕೆಲಸ ಮಾಡಬೇಕಾದವರಿಗೆ ಎರಡು ಮಾತು. ಪವರ್‌ಶೆಲ್‌ನಲ್ಲಿ ‘ಗೆಟ್-ಚೈಲ್ಡ್‌ಐಟಂ’ ಆದೇಶಕ್ಕೆ ‘-ರಿಕರ್ಸ್’ ಮತ್ತು ‘-ಫೈಲ್’ ಕೊಟ್ಟು, ಅದರ ಫಲವನ್ನು ಪೈಪ್ ಮೂಲಕ ‘ಮೂವ್-ಐಟಂ’ಗೆ ಕಳುಹಿಸಬಹುದು. ‘-ಫೋರ್ಸ್’ ಹಾಕದಿದ್ದರೆ ಇರುವ ಕಡತದ ಮೇಲೆ ಬರೆಯಲು ಅದು ಒಪ್ಪದೆ ದೋಷ ತೋರಿಸುತ್ತದೆ. ‘-ವಾಟ್‌ಇಫ್’ ಸೇರಿಸಿದರೆ ಮಾಡಬೇಕಾದುದನ್ನು ಹೇಳುತ್ತದೆಯೇ ಹೊರತು ಮಾಡುವುದಿಲ್ಲ. ವಿಂಡೋಸ್‌ನ ನಕಲು ಸಾಧನವಾದ ರೋಬೋಕಾಪಿಯಲ್ಲಿ ಫೋಲ್ಡರ್‌ಗಳನ್ನು ಬಿಡಿಸುವ ಆಯ್ಕೆ ಇಲ್ಲ, ಹುಡುಕಿ ಸಮಯ ಕಳೆಯಬೇಡಿ. ಕಡತಗಳು ಇನ್ನೂ ಜಿಪ್‌ನಲ್ಲೇ ಇದ್ದರೆ ಬಿಚ್ಚುವಾಗಲೇ ಈ ಕೆಲಸ ಮುಗಿಸಬಹುದು: 7-ಜಿಪ್‌ನಲ್ಲಿ ‘ಎಕ್ಸ್’ ಬದಲು ‘ಇ’ ಎಂಬ ಆದೇಶ ದಾರಿಗಳನ್ನು ಬಿಟ್ಟು ಬಿಚ್ಚುತ್ತದೆ, ‘-ಎಒಯು’ ಸೇರಿಸಿದರೆ ಹೆಸರು ಢಿಕ್ಕಿಯಾದಾಗ ಹೊಸದಕ್ಕೆ ಬೇರೆ ಹೆಸರು ಕೊಡುತ್ತದೆ. ಲಿನಕ್ಸ್‌ನ ಅನ್‌ಜಿಪ್‌ನಲ್ಲಿ ಇದಕ್ಕೆ ‘-ಜೆ’ ಇದೆ.

ಪ್ರತಿಕ್ರಿಯೆ: ಮ್ಯಾಕ್ ಬಳಸುವ ಸದಸ್ಯರು

ಮ್ಯಾಕ್‌ನ ಎಂವಿ ಬಿಎಸ್‌ಡಿ ವಂಶದ್ದು. ಅದರಲ್ಲಿ ‘-ಎನ್’ ಇದೆ, ‘--ಬ್ಯಾಕಪ್’ ಇಲ್ಲ. ಆದರೆ 2019ರ ಕ್ಯಾಟಲೀನಾದಿಂದ ಮ್ಯಾಕ್‌ನ ಸಹಜ ಶೆಲ್ ಆಗಿರುವ ಝಡ್‌ಶೆಲ್‌ನೊಂದಿಗೆ ‘ಝಡ್‌ಎಂವಿ’ ಎಂಬ ಒಳ್ಳೆಯ ಸಾಧನ ಬರುತ್ತದೆ. ಎರಡು ಕಡತಗಳು ಒಂದೇ ಹೆಸರಿಗೆ ಹೋಗುವಂತಿದ್ದರೆ ಒಂದನ್ನೂ ಸರಿಸದೆ ಮೊದಲೇ ನಿಲ್ಲುವುದು ಅದರ ಗುಣ. ಶಿರಸಿಯವರ ಮೊದಲ ಪ್ರಯತ್ನವನ್ನು ಅದರಲ್ಲಿ ಮಾಡಿದ್ದರೆ ಒಂದು ಕಡತವೂ ಕಳೆಯುತ್ತಿರಲಿಲ್ಲ. ಅದನ್ನು ಲಿನಕ್ಸ್‌ನಲ್ಲೂ ಝಡ್‌ಶೆಲ್ ಹಾಕಿಕೊಂಡು ಬಳಸಬಹುದು.

ಇನ್ನೊಂದು ವಿಷಯ, ಆ ಎರಡು ‘ಹೊದಿಕೆ’ಗಳ ಬಗ್ಗೆ ಇನ್ನೂ ಯಾರೂ ಉತ್ತರಿಸಿಲ್ಲ. ಅಂಗಡಿಯವರು ಕೆಲವು ಕ್ಯಾಸೆಟ್‌ಗಳ ಕೆಲಸವನ್ನು ಹಳೆಯ ಮ್ಯಾಕ್‌ನಲ್ಲಿ ಮಾಡಿದ್ದಾರೆ ಎಂದು ನನಗೆ ತೋರುತ್ತದೆ. ‘ಹೊ’ ಎಂಬಲ್ಲಿನ ಒಕಾರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು: ಒಂದೇ ಸಂಕೇತವಾಗಿ, ಅಥವಾ ಎಕಾರದ ಗುರುತು ಮತ್ತು ಊಕಾರದ ಗುರುತು ಎಂಬ ಎರಡು ಸಂಕೇತಗಳಾಗಿ ಬಿಡಿಸಿ. ಓಕಾರವನ್ನು ಬಿಡಿಸಿದರೆ ಮೂರು ಸಂಕೇತಗಳಾಗುತ್ತವೆ. ಈಕಾರ, ಏಕಾರ, ಐಕಾರಗಳೂ ಎರಡೆರಡಾಗಿ ಬಿಡಿಯುತ್ತವೆ. ಪರದೆಯ ಮೇಲೆ ಎರಡು ರೂಪಗಳಿಗೂ ಎಳ್ಳಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಎಲ್ಲ ಹೆಸರುಗಳನ್ನೂ ಬಿಡಿಸಿದ ರೂಪದಲ್ಲಿ ಬರೆದಿಡುತ್ತದೆ, ಉಳಿದ ಕಡೆ ಕೀಲಿಮಣೆಯಿಂದ ಬಂದದ್ದು ಬಂದ ಹಾಗೆಯೇ ಉಳಿಯುತ್ತದೆ. ಲಿನಕ್ಸ್‌ನ ಎಕ್ಸ್ಟ್4 ಸಾಮಾನ್ಯವಾಗಿ ಬೈಟ್‌ಗಳನ್ನು ಮಾತ್ರ ಹೋಲಿಸುವುದರಿಂದ ಅದರ ಪಾಲಿಗೆ ಅವು ಎರಡು ಬೇರೆ ಹೆಸರುಗಳು. ‘ಎ ಬದಿ’, ‘ಬಿ ಬದಿ’ಗಳಲ್ಲಿ ಬಿಡಿಯುವ ಸ್ವರ ಇಲ್ಲದ್ದರಿಂದ ಅವು ಒಂದೊಂದೇ ಉಳಿದವು, ‘ಹೊದಿಕೆ’ ಎರಡಾಯಿತು.

ತಮ್ಮ ವರ್ಷದ ಫೋಲ್ಡರ್‌ಗಳಲ್ಲಿ ಎಲ್ಲಿಯಾದರೂ ಎರಡು ‘ಹೊನ್ನಾವರ’ ಇವೆಯೇ ನೋಡಿ. ಇದ್ದರೆ ‘ಕಾನ್ವ್‌ಎಂವಿ’ ಎಂಬ ಸಾಧನಕ್ಕೆ ಯುಟಿಎಫ್-8ರಿಂದ ಯುಟಿಎಫ್-8ಕ್ಕೆ, ‘--ಎನ್‌ಎಫ್‌ಸಿ’ (ಕೂಡಿದ ರೂಪ) ಎಂದು ಹೇಳಿ, ‘-ಆರ್’ ಸೇರಿಸಿ ನಡೆಸಿ. ಅದು ಸಹಜವಾಗಿ ಪರೀಕ್ಷೆ ಮಾತ್ರ ನಡೆಸುತ್ತದೆ, ‘--ನೋಟೆಸ್ಟ್’ ಎಂದು ಸ್ಪಷ್ಟವಾಗಿ ಹೇಳಿದ ಮೇಲೆಯೇ ಹೆಸರು ಬದಲಿಸುತ್ತದೆ. ಹೆಸರುಗಳು ಕೂಡಿದ ರೂಪಕ್ಕೆ ಬಂದಾಗ ಬೈಟ್‌ಗಳೂ ಕಡಿಮೆಯಾಗುತ್ತವೆ: ಬಿಡಿಸಿದ ಒಂದು ಓಕಾರ 9 ಬೈಟ್, ಕೂಡಿದ್ದು 3.

ಇದರಿಂದಲೂ ಸರಿಹೋಗದ ಒಂದು ಸಂಗತಿ ಇದೆ. ‘ಟ್’ನಂತಹ ಅರ್ಧಾಕ್ಷರದ ನಂತರ ಕೆಲವರು ಕಣ್ಣಿಗೆ ಕಾಣದ ವಿಭಜಕವನ್ನು ಟೈಪ್ ಮಾಡಿರುತ್ತಾರೆ, ಕೆಲವರು ಮಾಡಿರುವುದಿಲ್ಲ. ಪದದ ಕೊನೆಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ನೋಟ ಒಂದೇ. ಕಾನ್ವ್‌ಎಂವಿ ಅದನ್ನು ತೆಗೆಯುವುದಿಲ್ಲ.

ಉತ್ತರ: ಗ್ರಂಥಾಲಯದಲ್ಲಿ ಕೆಲಸ ಮಾಡುವ ಸದಸ್ಯೆ

ಮ್ಯಾಕ್ ಸದಸ್ಯರ ವಿವರಣೆಯಿಂದ ನನಗೂ ಹಲವು ಹಳೆಯ ಗೊಂದಲಗಳು ಬಗೆಹರಿದವು. ಈಗ ನನ್ನದೇ ಮೊದಲ ಉತ್ತರವನ್ನು ತಿದ್ದಿಕೊಳ್ಳಲು ಬಯಸುತ್ತೇನೆ. ನಾನು ಎಂವಿ ಬಳಸಲು ಹೇಳಿದ್ದೆ. ಇಷ್ಟು ತೊಡಕುಗಳಿರುವಾಗ ಏನನ್ನೂ ಸರಿಸದೆ ಇರುವುದೇ ಉತ್ತಮ.

ಸುತ್ತಿನೊಳಗೆ ‘ಎಂವಿ -ಎನ್’ ಇರುವ ಜಾಗದಲ್ಲಿ ‘ಎಲ್‌ಎನ್’ ಎಂದು ಮಾತ್ರ ಬರೆಯಿರಿ, ಗುರಿ ಬೇರೊಂದು ಫೋಲ್ಡರ್ ಆಗಿರಲಿ. ಇದು ಹಾರ್ಡ್ ಲಿಂಕ್, ಅಂದರೆ ಡಿಸ್ಕ್‌ನಲ್ಲಿರುವ ಅದೇ ದತ್ತಕ್ಕೆ ಎರಡನೆಯ ಹೆಸರು. ತಮ್ಮ ಸಂಗ್ರಹ ಸುಮಾರು 23 ಗಿಗಾಬೈಟ್ ಇರಬಹುದು. ಹಾರ್ಡ್ ಲಿಂಕ್‌ನಿಂದ ಅದು 46 ಆಗುವುದಿಲ್ಲ, ಹೆಸರುಗಳ ಪಟ್ಟಿಗೆ ಬೇಕಾದಷ್ಟು ಜಾಗ ಮಾತ್ರ ಹಿಡಿಯುತ್ತದೆ. ಹೆಸರು ಈಗಾಗಲೇ ಇದ್ದರೆ ಎಲ್‌ಎನ್ ತಾನಾಗಿಯೇ ನಿರಾಕರಿಸುತ್ತದೆ. ವರ್ಷ, ಊರು, ಪ್ರಸಂಗಗಳ ಮೂಲ ವ್ಯವಸ್ಥೆ ಹಾಗೆಯೇ ಉಳಿಯುತ್ತದೆ. ಮಾಡಿದ್ದು ತಪ್ಪಾದರೆ ಹೊಸ ಫೋಲ್ಡರ್ ಅಳಿಸಿ ಮತ್ತೆ ಆರಂಭಿಸಿ, ಮೂಲಕ್ಕೆ ಏನೂ ಆಗುವುದಿಲ್ಲ. ಎರಡೂ ಫೋಲ್ಡರ್‌ಗಳು ಒಂದೇ ಡಿಸ್ಕ್ ವಿಭಾಗದಲ್ಲಿರಬೇಕು ಎಂಬುದೊಂದೇ ಷರತ್ತು.

ಆದರೆ ಒಂದು ಎಚ್ಚರಿಕೆ ಇದೆ. ಹಾರ್ಡ್ ಲಿಂಕ್‌ನಲ್ಲಿ ದತ್ತ ಒಂದೇ ಆದ್ದರಿಂದ ಹೊಸ ಹೆಸರಿನ ಮೂಲಕ ಎಂಪಿ3ರೊಳಗಿನ ಶೀರ್ಷಿಕೆಯನ್ನು ತಿದ್ದಿದರೆ ಮೂಲವೂ ಬದಲಾಗುವ ಸಾಧ್ಯತೆ ಇದೆ. ಶೀರ್ಷಿಕೆ ಬರೆಯುವುದಿದ್ದರೆ ಪೆನ್ ಡ್ರೈವ್‌ನ ಪ್ರತಿಯಲ್ಲಿ ಬರೆಯಿರಿ. ಪೆನ್ ಡ್ರೈವ್‌ನ ಫ್ಯಾಟ್32 ವ್ಯವಸ್ಥೆಗೆ ಲಿಂಕ್‌ಗಳು ತಿಳಿಯುವುದಿಲ್ಲ, ಅಲ್ಲಿಗೆ ನಕಲು ಮಾಡಿದಾಗ ಸಾಮಾನ್ಯ ಕಡತಗಳಾಗಿಯೇ ಹೋಗುತ್ತವೆ.

ಒಂದು ವೇಳೆ ಯಾರಾದರೂ ಎಂವಿಯನ್ನೇ ಬಳಸಿ, ಕೊನೆಗೆ ಖಾಲಿ ಫೋಲ್ಡರ್‌ಗಳನ್ನು ಅಳಿಸಲು ಹೊರಟರೆ, ಫೈಂಡ್‌ಗೆ ‘-ಟೈಪ್ ಡಿ’, ‘-ಎಂಪ್ಟಿ’, ‘-ಡಿಲೀಟ್’ ಇದೇ ಕ್ರಮದಲ್ಲಿ ಕೊಡಬೇಕು. ‘-ಡಿಲೀಟ್’ ಅನ್ನು ಮೊದಲು ಬರೆದರೆ ಷರತ್ತುಗಳನ್ನು ನೋಡುವ ಮೊದಲೇ ಎಲ್ಲವನ್ನೂ ಅಳಿಸುತ್ತದೆ.

ಉತ್ತರ: ಮೈಸೂರಿನ ಸದಸ್ಯರು

ಹಾರ್ಡ್ ಲಿಂಕ್ ಸಲಹೆಯನ್ನು ಪೂರ್ತಿ ಒಪ್ಪುತ್ತೇನೆ. ಪ್ಲೇಯರ್ ಬಗ್ಗೆ ಎರಡು ವಿಷಯ ಸೇರಿಸಬೇಕು.

ಮೊದಲನೆಯದು, ಇಂತಹ ಸಣ್ಣ ಪ್ಲೇಯರ್‌ಗಳಲ್ಲಿ ಹಲವಕ್ಕೆ ಕನ್ನಡದ ಫಾಂಟ್ ಇರುವುದಿಲ್ಲ, ಹೆಸರಿನ ಜಾಗದಲ್ಲಿ ಚೌಕಗಳು ಕಾಣುತ್ತವೆ. ಆದ್ದರಿಂದ ಹೆಸರಿನ ಆರಂಭದಲ್ಲಿ ನಾಲ್ಕಂಕಿಯ ಕ್ರಮಸಂಖ್ಯೆ ಇರಲಿ. ಫೈಂಡ್‌ನ ಪಟ್ಟಿಯನ್ನು ಸುತ್ತಿಗೆ ಕೊಡುವ ಮೊದಲು ‘ಸಾರ್ಟ್’ ಆದೇಶಕ್ಕೆ ‘-ಝಡ್’ ಮತ್ತು ದೊಡ್ಡಕ್ಷರದ ‘-ವಿ’ ಕೊಟ್ಟು ಹಾಯಿಸಿದರೆ ವರ್ಷದ ಕ್ರಮ ಬರುತ್ತದೆ, ಹತ್ತನೆಯ ಕ್ಯಾಸೆಟ್ ಎರಡನೆಯದಕ್ಕಿಂತ ಮೊದಲು ಬರುವ ತೊಂದರೆಯೂ ಇರುವುದಿಲ್ಲ. ಸಂಖ್ಯೆಗೆ ಮುಂದೆ ಸೊನ್ನೆ ತುಂಬಲು ಪ್ರಿಂಟ್‌ಎಫ್ ಇದೆ.

ಎರಡನೆಯದು ಹೆಚ್ಚು ಮುಖ್ಯ. ಅಗ್ಗದ ಪ್ಲೇಯರ್‌ಗಳಲ್ಲಿ ಅನೇಕವು ಕಡತಗಳನ್ನು ಹೆಸರಿನ ಕ್ರಮದಲ್ಲಿ ನುಡಿಸುವುದಿಲ್ಲ. ಪೆನ್ ಡ್ರೈವ್‌ನ ಪಟ್ಟಿಯಲ್ಲಿ ಯಾವುದನ್ನು ಮೊದಲು ಬರೆಯಲಾಗಿದೆಯೋ ಅದನ್ನೇ ಮೊದಲು ನುಡಿಸುತ್ತವೆ. ತಾಳಮದ್ದಳೆಯಲ್ಲಿ ಇದು ದೊಡ್ಡ ತೊಂದರೆ: ಒಬ್ಬ ಅರ್ಥಧಾರಿಯ ಮಾತು ‘ಎ’ ಬದಿಯಲ್ಲಿ ಅರ್ಧಕ್ಕೆ ನಿಂತು, ಅದರ ಮುಂದುವರಿಕೆ ನೂರು ಕಡತಗಳ ಆಚೆ ಬಂದರೆ ಕೇಳುವವರಿಗೆ ಪ್ರಸಂಗವೇ ಕೈತಪ್ಪುತ್ತದೆ. ನಕಲು ಮುಗಿದ ಮೇಲೆ ಪೆನ್ ಡ್ರೈವ್ ಅನ್ನು ಅನ್‌ಮೌಂಟ್ ಮಾಡಿ ‘ಫ್ಯಾಟ್‌ಸಾರ್ಟ್’ ನಡೆಸಿದರೆ ಆ ಪಟ್ಟಿಯೇ ಹೆಸರಿನ ಕ್ರಮಕ್ಕೆ ಬರುತ್ತದೆ.

ಎಣಿಕೆಯನ್ನೂ ಮರೆಯಬೇಡಿ. ಎರಡೂ ಕಡೆ ಫೈಂಡ್‌ನ ‘-ಪ್ರಿಂಟ್‌ಎಫ್’ನಿಂದ ಕಡತಕ್ಕೊಂದು ಚುಕ್ಕಿ ಬರೆಸಿ ‘ಡಬ್ಲ್ಯುಸಿ -ಸಿ’ಯಿಂದ ಎಣಿಸಿ. ಆಮೇಲೆ ‘ಶಾ256ಸಮ್’ನಿಂದ ಎರಡೂ ಕಡೆಯ ಕಡತಗಳ ಮುದ್ರೆಗಳನ್ನು (ಒಳಗಿನ ದತ್ತದಿಂದ ಲೆಕ್ಕ ಹಾಕಿದ ಗುರುತುಗಳನ್ನು) ತೆಗೆದು, ಹೆಸರು ಬಿಟ್ಟು ಮುದ್ರೆಗಳನ್ನು ಮಾತ್ರ ಸಾರ್ಟ್ ಮಾಡಿ ಹೋಲಿಸಿ.

ವರದಿ: ಶಿರಸಿಯ ಸದಸ್ಯರು

ಎಲ್ಲರ ಸಲಹೆಗಳನ್ನು ಅನುಸರಿಸಲು ಎರಡು ಭಾನುವಾರ ಬೇಕಾಯಿತು. ಆದುದನ್ನು ಇಲ್ಲಿ ದಾಖಲಿಸುತ್ತೇನೆ.

ಮ್ಯಾಕ್ ಸದಸ್ಯರ ಊಹೆ ನಿಜವಾಗಿತ್ತು. 1986 ಮತ್ತು 1991ರ ಫೋಲ್ಡರ್‌ಗಳಲ್ಲಿ ಎರಡೆರಡು ‘ಹೊನ್ನಾವರ’ಗಳಿದ್ದವು. ಇಷ್ಟು ದಿನ ನಾನು ಒಂದನ್ನೇ ತೆರೆದು ನೋಡುತ್ತಿದ್ದೆ. ಕಾನ್ವ್‌ಎಂವಿಯ ಪರೀಕ್ಷಾ ಪಟ್ಟಿಯನ್ನು ನೋಡಿಕೊಂಡು ಆ ಎರಡು ವರ್ಷಗಳ ಫೋಲ್ಡರ್‌ಗಳನ್ನು ಕೈಯಿಂದಲೇ ಕೂಡಿಸಿ, ಉಳಿದವನ್ನು ಅದಕ್ಕೇ ಬಿಟ್ಟೆ. ಅದರ ನಂತರ ಉದ್ದದ ದೋಷ ಬರುತ್ತಿದ್ದ 37 ಕಡತಗಳಲ್ಲಿ 22 ಮಾತ್ರ ಉಳಿದವು. ‘ಕ್ಯಾಸೆಟ್’, ‘ಬದಿ’ ಪದಗಳನ್ನು ತೆಗೆದು, ಉತ್ಸವದ ವಿವರಗಳನ್ನು ಒಂದು ಪ್ರತ್ಯೇಕ ಪಟ್ಟಿಗೆ ಬರೆದಿಟ್ಟುಕೊಂಡ ಮೇಲೆ ಅವೂ ಬಂದವು. ಈಗ ಹೆಸರುಗಳು ‘0417 1989 ಸಿದ್ದಾಪುರ ಕೃಷ್ಣಸಂಧಾನ 2ಎ’ ಎಂಬಂತಿವೆ. ಪಟ್ಟಿಯಲ್ಲಿ ಪ್ರತಿ ಕ್ರಮಸಂಖ್ಯೆಯ ಎದುರಿಗೆ ಮೂಲದ ಪೂರ್ಣ ದಾರಿ ಇದೆ. ಅದನ್ನು ಮುದ್ರಿಸಿ ದೊಡ್ಡ ಅಕ್ಷರಗಳಲ್ಲಿ ತಂದೆಯವರಿಗೆ ಕೊಟ್ಟಿದ್ದೇನೆ.

ಎಣಿಕೆ ಎರಡೂ ಕಡೆ 805 ಬಂತು, ಮುದ್ರೆಗಳೂ ಹೊಂದಿದವು. ಆದರೆ ಮುದ್ರೆಗಳನ್ನು ಸಾರ್ಟ್ ಮಾಡಿದಾಗ ಒಂದರ ಕೆಳಗೊಂದು ಸರಿಸಮನಾದ ನಾಲ್ಕು ಜೋಡಿಗಳು ಕಾಣಿಸಿದವು, ಅಂದರೆ ಬೇರೆ ಬೇರೆಯಾದ ಧ್ವನಿಕಡತಗಳು 801 ಮಾತ್ರ. ತೆರೆದು ಕೇಳಿದಾಗ ತಿಳಿಯಿತು: ನಾಲ್ಕು ಕ್ಯಾಸೆಟ್‌ಗಳಲ್ಲಿ ‘ಬಿ ಬದಿ’ ಎಂಬ ಹೆಸರಿನಲ್ಲಿ ‘ಎ’ ಬದಿಯ ಕಡತವೇ ಇದೆ. ಫೋಲ್ಡರ್ ಫೋಲ್ಡರ್ ತೆರೆದು ನೋಡುತ್ತಿದ್ದರೆ ಇದು ನಮ್ಮ ಗಮನಕ್ಕೆ ಎಂದೂ ಬರುತ್ತಿರಲಿಲ್ಲ. ಅವುಗಳಲ್ಲಿ ಒಂದು 1984ರ ಭೀಷ್ಮವಿಜಯದ ಕೊನೆಯ ಕ್ಯಾಸೆಟ್. ‘ಆ ಅಂಬೆಯ ಮಾತು ಬಿ ಬದಿಯಲ್ಲೇ ಇರುವುದು’ ಎಂದು ತಂದೆಯವರು ಕೂಡಲೇ ಹೇಳಿದರು. ಕ್ಯಾಸೆಟ್‌ಗಳನ್ನು ಅವರು ಎಸೆದಿರಲಿಲ್ಲ. ನಾಲ್ಕನ್ನೂ ಹುಡುಕಿ ತೆಗೆದಿದ್ದೇವೆ, ಟೇಪ್‌ರೆಕಾರ್ಡರ್‌ನ ಬೆಲ್ಟ್ ಬದಲಿಸಲು ಕೊಟ್ಟಿದ್ದೇನೆ. ಅದು ಬಂದ ಮೇಲೆ ಆ ನಾಲ್ಕು ಬದಿಗಳನ್ನು ಮನೆಯಲ್ಲೇ ಮುದ್ರಿಸಿಕೊಂಡು ಅದೇ ಕ್ರಮಸಂಖ್ಯೆಗಳಿಗೆ ಸೇರಿಸುತ್ತೇನೆ.